ನೊರೆ ಬರದ ಸೋಪು

ನಮ್ಮ ಮನೆಯಲ್ಲಿ ಜಗಳ ಶುರುವಾಗುತ್ತಿದ್ದದ್ದು ಯಾವಾಗಲೂ ಉಪ್ಪಿನಿಂದ. ಮಾವ ಊಟಕ್ಕೆ ಕೂತು ಮೊದಲ ತುತ್ತು ಬಾಯಿಗಿಟ್ಟರೆ ಸಾಕು, "ಇದರಲ್ಲಿ ಉಪ್ಪೇ ಇಲ್ಲವಲ್ಲೇ" ಎನ್ನುತ್ತಿದ್ದರು. ಅತ್ತೆ ಉಪ್ಪಿನ ಡಬ್ಬಿಯನ್ನು ತಟ್ಟೆಯ ಪಕ್ಕಕ್ಕೆ ಕುಕ್ಕಿ, "ನಾಲಿಗೆನ ಸೋಪಿಗೆ ಕೊಟ್ಟು ಬಂದು ನನ್ನ ಅಡುಗೆನ ಬೈತೀರಲ್ಲ" ಎನ್ನುತ್ತಿದ್ದರು.

ಅದು ಸುಳ್ಳಲ್ಲ. ಮಾವ ಸೋಪು ಬೇಯಿಸುವವರು. ಹಿತ್ತಲಿನ ಶೆಡ್ಡಿನಲ್ಲಿ ಇಬ್ಬರು ತೋಳು ಚಾಚಿದರೂ ತಬ್ಬಲಾಗದಂಥ ಒಂದು ಕಬ್ಬಿಣದ ಬಾಣಲೆ ಇತ್ತು. ಅದರಲ್ಲಿ ಎಣ್ಣೆ, ಕಾಸ್ಟಿಕ್ ಸೋಡಾ ಕುದಿದು ಗಟ್ಟಿಯಾಗುತ್ತಾ ಬಂದಾಗ ಮರದ ಸೌಟಿನಿಂದ ಒಂದು ಚೂರು ತೆಗೆದು, ಆರಿಸಿ, ನಾಲಿಗೆಯ ತುದಿಗೆ ಮುಟ್ಟಿಸುತ್ತಿದ್ದರು. ಚುರ್ ಎಂದರೆ ಸೋಡಾ ಇನ್ನೂ ಉಳಿದಿದೆ, ಬೇಯಬೇಕು. ಸುಮ್ಮನಿದ್ದರೆ ಸೋಪಾಯಿತು. ಹರೆಯದಿಂದ ಹೀಗೆ ಮಾಡಿಕೊಂಡು ಬಂದವರ ನಾಲಿಗೆಯಲ್ಲಿ ಉಪ್ಪಿಗೆ ಜಾಗ ಎಲ್ಲಿ ಉಳಿದೀತು?

ಅವರು ಮಾಡುತ್ತಿದ್ದದ್ದು ಬಟ್ಟೆ ಒಗೆಯುವ ಹಳದಿ ಸೋಪು. ಮೇಲೆ ಪಾರಿವಾಳದ ಚಿತ್ರವಿದ್ದ ಕಾಗದ. ನೀರು ತಾಗಿದ್ದೇ ತಡ ಬುಸುಬುಸು ನೊರೆ. ಅಂಗಡಿಗೆ ಬಂದವರು ಸೋಪು ಎಂದು ಕೇಳುತ್ತಿರಲಿಲ್ಲ, "ಒಂದು ಪಾರಿವಾಳ ಕೊಡಿ" ಎನ್ನುತ್ತಿದ್ದರು. ಆ ಪಾರಿವಾಳವೇ ನಮ್ಮೆಲ್ಲರ ಹೊಟ್ಟೆ ತುಂಬಿಸುತ್ತಿತ್ತು: ಮಾವ, ಅತ್ತೆ, ನಮ್ಮವರು, ಇನ್ನೂ ಮದುವೆಯಾಗದ ನಾದಿನಿ, ಮತ್ತೆ ನಾನು. ಮಾವನಿಗೆ ಜೀವನದಲ್ಲಿ ಇದ್ದದ್ದು ಒಂದೇ ಹಟ. ಆ ಬಾಣಲೆ ತಣ್ಣಗಾಗಬಾರದು, ಮಗ ಇನ್ನೊಬ್ಬರ ಗೇಟಿನ ಮುಂದೆ ಕೆಲಸಕ್ಕೆ ಹೋಗಿ ನಿಲ್ಲಬಾರದು.

ನಮ್ಮವರದ್ದು ಮಾತು ಕಡಿಮೆ, ಹಟ ಅಪ್ಪನಷ್ಟೇ. ನಮ್ಮ ಬೀದಿಗೆ ನಲ್ಲಿ ನೀರು ಬರುತ್ತಿದ್ದದ್ದೇ ವಾರಕ್ಕೆ ಎರಡು ಸಲ. ಬಕೆಟ್ ಹಿಡಿದು ಹೆಂಗಸರು ಕಚ್ಚಾಡುವುದನ್ನು ನೋಡಿ ನೋಡಿ ಇವರ ತಲೆಗೆ ಒಂದು ಹುಳ ಹೊಕ್ಕಿತು. ಬಟ್ಟೆಯ ಕೊಳೆ ಬಿಡಿಸಲು ಬೇಕಾದ ನೀರು ಸ್ವಲ್ಪ, ನೊರೆ ಬಿಡಿಸಲು ಬೇಕಾದದ್ದೇ ಹೆಚ್ಚು. ಹಾಗಾದರೆ ನೊರೆಯೇ ಬರದ ಸೋಪು ಮಾಡಿದರೆ? ಬೇರೆ ಎಣ್ಣೆ ಹಾಕಿದರು, ಒಂದು ಬಗೆಯ ಬಿಳಿ ಮಣ್ಣು ಬೆರೆಸಿದರು, ನನ್ನ ಹಾಲಿನ ಪಾತ್ರೆಯನ್ನು ಹಾಳು ಮಾಡಿದರು. ಎರಡು ವರ್ಷ ಇದೇ ಆಯಿತು. ಕೊನೆಗೆ ಬೂದು ಬಣ್ಣದ ಒಂದು ತುಂಡು ತಂದು, ಎಣ್ಣೆಯ ಜಿಡ್ಡು ಹತ್ತಿದ ತಮ್ಮದೇ ಅಂಗಿಯನ್ನು ನನ್ನ ಮುಂದೆ ಒಗೆದು, ಒಂದೇ ಬಕೆಟ್ ನೀರಿನಲ್ಲಿ ಅದ್ದಿ ಹಿಂಡಿ ಹರವಿದರು. ಬಟ್ಟೆ ಹಾಲಿನ ಹಾಗಿತ್ತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ, ಪಾತ್ರೆಯ ಸಿಟ್ಟು ಅಲ್ಲಿಗೇ ಇಳಿಯಿತು.

ಮಾವ ಆ ತುಂಡನ್ನು ನಾಲಿಗೆಗೆ ಮುಟ್ಟಿಸಿದರು. ಚುರ್ ಎನ್ನಲಿಲ್ಲ. ಆದರೂ ಮುಖ ಗಂಟು ಹಾಕಿಕೊಂಡೇ ಇದ್ದರು.

"ಸೋಪೇನೋ ಆಗಿದೆ. ಆದ್ರೆ ನೊರೆ ಬರದ ಸೋಪು ಅಂದ್ರೆ ಮಾತಾಡದ ಹೆಂಡತಿ ಇದ್ದ ಹಾಗೆ ಕಣೋ. ಮನೇಲಿದಾಳೋ ಇಲ್ವೋ ಅಂತಲೇ ಗೊತ್ತಾಗಲ್ಲ."

"ನಿಮಗೆ ಅಂಥೋಳೇ ಗಂಟು ಬೀಳಬೇಕಿತ್ತು" ಎಂದರು ಅತ್ತೆ ಒಳಗಿನಿಂದ. "ಮಗ ಎರಡು ವರ್ಷ ಒದ್ದಾಡಿದಾನೆ. ಒಂದು ಸಲ ಬೇಯಿಸೋಕೆ ಬಿಟ್ರೆ ನಿಮ್ಮ ಬಾಣಲೆ ಏನು ಸವೆದು ಹೋಗುತ್ತಾ?"

ಅತ್ತೆಯ ಬಾಯಿಗೆ ಮಾವ ಎಂದೂ ಗೆದ್ದವರಲ್ಲ. ಒಪ್ಪಿದರು.

ಹೊಸ ಸೋಪಿಗೆ ನಾದಿನಿ 'ಒಂದೇ ನೀರು' ಎಂದು ಹೆಸರಿಟ್ಟಳು. ಬಿಳಿ ಕಾಗದ, ನೀಲಿ ಅಕ್ಷರ, ಮೂಲೆಯಲ್ಲಿ ಕೆಂಪಗೆ 'ಹೊಸದು'. ಬೀದಿಯ ತುದಿಯ ಅಂಗಡಿಯವನನ್ನು ಎಲ್ಲರೂ ಸಕ್ಕರೆಬಾಯಿ ಎಂದೇ ಕರೆಯುತ್ತಿದ್ದರು. ಅವನು ಸೋಪನ್ನು ಮೂಸಿ ನೋಡಿ, "ಇಂಥದ್ದು ಯಾರೂ ಕಂಡಿಲ್ಲ, ಅದಕ್ಕೇ ಹೋಗುತ್ತೆ ನೋಡಿ" ಎಂದು ಎಲ್ಲಕ್ಕಿಂತ ಮುಂದೆ ಜೋಡಿಸಿಟ್ಟ. ಅವನ ಮಾತು ಹುಸಿಯಾಗಲಿಲ್ಲ. ನೊರೆ ಬರದ ಸೋಪಂತೆ, ಒಂದೇ ನೀರಂತೆ, ನೋಡೇಬಿಡೋಣ ಎಂದು ಜನ ಮುಗಿಬಿದ್ದರು. ವಾರ ಕಳೆಯುವುದರೊಳಗೆ ಮಾಲು ಖಾಲಿ. ಪೇಟೆಯ ಬೇರೆ ಅಂಗಡಿಗಳಿಂದಲೂ ಹೇಳಿ ಕಳಿಸಿದರು.

ಆ ಸಂಜೆ ಮನೆಯಲ್ಲಿ ಉಪ್ಪಿನ ಜಗಳ ಆಗಲಿಲ್ಲ. ಮಾವ ಮಗನ ತಟ್ಟೆಗೆ ತಾವೇ ಬಡಿಸಿದರು. "ಮುಂದಿನದೂ ಅದನ್ನೇ ಬೇಯಿಸೋಣ. ಪಾರಿವಾಳ ಒಂದೆರಡು ತಿಂಗಳು ಕೂತಿರಲಿ" ಎಂದರು. ಕೈಯಲ್ಲಿದ್ದ ದುಡ್ಡೆಲ್ಲ ಇವರ ಎಣ್ಣೆಗೆ, ಇವರ ಮಣ್ಣಿಗೆ ಹೋಯಿತು. ಒಂದರ ಹಿಂದೊಂದು ಮೂರು ಬಾಣಲೆ ಬೇಯಿಸಿದೆವು. ನಾನೂ ನಾದಿನಿಯೂ ತಂತಿ ಹಿಡಿದು ಸೋಪು ಕತ್ತರಿಸಿ ಕತ್ತರಿಸಿ ಬೆರಳೆಲ್ಲ ಗೆರೆಗೆರೆ. ಶೆಡ್ಡಿನಲ್ಲಿ ಬೂದು ಬಣ್ಣದ ಸೋಪು ಗೋಡೆಯ ಹಾಗೆ ಎದ್ದು ನಿಂತಿತು. ಸದ್ಯ, ದೇವರು ಕಣ್ಣು ಬಿಟ್ಟ ಎಂದುಕೊಂಡೆ ನಾನು.

ಎರಡನೆಯ ಸಲ ಯಾರೂ ಬರಲಿಲ್ಲ.

ಮೊದಮೊದಲು, ಒಂದು ಸೋಪು ಸವೆಯಲು ದಿನ ಹಿಡಿಯುತ್ತದೆ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಆಮೇಲೆ ಸಕ್ಕರೆಬಾಯಿ ನಮ್ಮ ಸೋಪನ್ನು ಮುಂದಿನಿಂದ ಪಕ್ಕಕ್ಕೆ, ಪಕ್ಕದಿಂದ ಮೇಲಿನ ಹಲಗೆಗೆ ಸರಿಸಿದ. ಇವರು ಹೋಗಿ ಕೇಳಿದರೆ, "ಜನ ನೋಡೋಕೆ ತಗೊಂಡ್ರು ಸ್ವಾಮಿ, ನೋಡಿ ಆಯ್ತು" ಎಂದು ಹಲ್ಲು ಕಿರಿದ.

"ಕೇಳೇಬಿಡೋಣ ಬನ್ನಿ ಅತ್ತಿಗೆ" ಎಂದು ನಾದಿನಿ ನನ್ನನ್ನು ಎಳೆದುಕೊಂಡು ಹೊರಟಳು. ಮನೆ ಮನೆ ತಿರುಗಿದೆವು. ಒಬ್ಬಳು, "ಸೋಪಾ ಅದು? ಕಲ್ಲಿಗೆ ಕಲ್ಲು ಉಜ್ಜಿದ ಹಾಗಿತ್ತು. ನೊರೆ ಬರಲಿ ಅಂತ ಉಜ್ಜೀ ಉಜ್ಜೀ ಎರಡು ಒಗೆತಕ್ಕೇ ಮುಗಿದುಹೋಯ್ತು" ಎಂದಳು. ಇನ್ನೊಬ್ಬಳ ಅಂಗಳದಲ್ಲೇ ನಾನು ಸೆರಗು ಸಿಕ್ಕಿಸಿ ಕೂತು, ಅವಳ ಗಂಡನ ಅಂಗಿಯ ಕಾಲರ್ ಒಗೆದು ತೋರಿಸಿದೆ. ಅವಳು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

"ಕೊಳೆ ಹೋಗಿದೆ."

"ಮತ್ತೆ?"

"ಹೋಗಿದೆಯಮ್ಮ, ಇಲ್ಲ ಅನ್ನಲ್ಲ. ಆದ್ರೂ ನೊರೆ ಬರಲಿಲ್ಲವಲ್ಲ" ಎಂದು ಆ ಅಂಗಿಯನ್ನು ನನ್ನೆದುರೇ ಮತ್ತೆ ನೆನೆಯಲು ಹಾಕಿದಳು. ನನಗೆ ಬಂದ ಸಿಟ್ಟಿಗೆ ಆ ಬಕೆಟ್ಟನ್ನೇ ಒದ್ದು ಬರೋಣ ಎನ್ನಿಸಿತು.

ಆಸ್ಪತ್ರೆಯಲ್ಲಿ ಕೆಲಸ ಮಾಡುವ ನರ್ಸಮ್ಮ ಒಬ್ಬಳೇ ನಗುನಗುತ್ತಾ ಮಾತಾಡಿಸಿದಳು. "ತುಂಬಾ ಉಪಯೋಗಕ್ಕೆ ಬಂತು ನಿಮ್ಮ ಸೋಪು" ಎಂದಳು. ಒಳಗೆ ಬಗ್ಗಿ ನೋಡಿದರೆ ಅವಳ ಬೀರುವಿನ ಮೋಟು ಕಾಲಿಗೆ ಅದನ್ನು ಒತ್ತು ಕೊಟ್ಟಿದ್ದಳು. ಕಾಗದ ಕೂಡ ಬಿಚ್ಚಿರಲಿಲ್ಲ. ವಾಪಸ್ಸು ಬರುವಾಗ ನಾದಿನಿ ದಾರಿಯುದ್ದಕ್ಕೂ ಅತ್ತಳು. ನಾನು ಅಳಲಿಲ್ಲ. ಮನೆಗೆ ಹೋಗಿ ಇವರಿಗೆ ಏನು ಹೇಳುವುದು ಎಂದು ಲೆಕ್ಕ ಹಾಕುತ್ತಿದ್ದೆ.

ಹೇಳುವ ಮೊದಲೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಮಾರನೆಯ ದಿನ ಬಚ್ಚಲ ಒಲೆಗೆ ಸೌದೆ ತೆಗೆಯಲು ಹೋದಾಗ ಸೌದೆಯ ಹಿಂದೆ ಒಂದು ಹೊಳೆಯುವ ಪೊಟ್ಟಣ ಕೈಗೆ ಸಿಕ್ಕಿತು. ದೊಡ್ಡ ಕಂಪನಿಯ ಬಟ್ಟೆ ಪುಡಿ. ಅರ್ಧ ಖಾಲಿಯಾಗಿತ್ತು. ನಮ್ಮ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದದ್ದು ಅತ್ತೆ ಒಬ್ಬರೇ. ನನ್ನ ನಾಲಿಗೆ ಮೊದಲೇ ಉದ್ದ, ಅವತ್ತು ಹಿಡಿತಕ್ಕೆ ಸಿಗಲಿಲ್ಲ. ಎಲ್ಲರೂ ಊಟಕ್ಕೆ ಕೂತಿದ್ದಾಗ ಆ ಪೊಟ್ಟಣವನ್ನು ತಂದು ಮಧ್ಯದಲ್ಲಿಟ್ಟೆ.

"ಏನತ್ತೆ ಇದು? ಬೀದಿಯೋರ ಕೈಕಾಲು ಹಿಡಿದು ನಾವು ಮಗನ ಸೋಪು ಮಾರ್ತಿದ್ರೆ, ನೀವು ಮನೆಯೊಳಗೇ ಇದನ್ನ ಬಚ್ಚಿಟ್ಕೊಂಡು ಒಗೀತೀರಾ?"

ಅತ್ತೆಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಒಂದು ಪೊಟ್ಟಣಕ್ಕೆ ಇಷ್ಟು ರಂಪ ಮಾಡ್ತೀಯೇನೇ?" ಎಂದರು. ಆದರೆ ದನಿಯಲ್ಲಿ ಎಂದಿನ ಜೋರು ಇರಲಿಲ್ಲ.

"ಅಮ್ಮ, ನೀನೇ ಅಲ್ವಾ ಅಪ್ಪನ ಜತೆ ಜಗಳ ಆಡಿ ಬಾಣಲೆ ಕೊಡಿಸಿದ್ದು?" ಎಂದರು ಇವರು.

"ಹೌದು ಕಣೋ."

"ಬಟ್ಟೆ ಕೊಳೆ ಹೋಗಲ್ವಾ ಅದರಲ್ಲಿ? ನಿಜ ಹೇಳು."

"ಹೋಗುತ್ತೆ."

"ಮತ್ತೆ?"

"ನೊರೆ ಕಾಣದೇ ಇದ್ರೆ ನನಗೆ ಒಗೆದ ಹಾಗೇ ಅನ್ಸಲ್ಲ ಕಣೋ" ಎಂದು ಅತ್ತೆ ಅತ್ತುಬಿಟ್ಟರು. "ಕೈಗೆ ನೊರೆ ಹತ್ತಬೇಕು, ಕೈಯಿಂದ ಜಾರಬೇಕು. ಇಲ್ಲದಿದ್ರೆ ಕೊಳೆ ಬಟ್ಟೆನೇ ಮಡಚಿಟ್ಟ ಹಾಗೆ ಮನಸ್ಸು ಕುಟುಕ್ತಿರುತ್ತೆ. ಹುಟ್ಟಿದಾಗಿಂದ ಹಾಗೇ ಒಗೆದಿದೀನಿ. ನಾನೇನು ಮಾಡಲಿ ಹೇಳು."

ಇವರು ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡು, ತಟ್ಟೆ ತೊಳೆದಿಟ್ಟು, ಶೆಡ್ಡಿಗೆ ಹೋಗಿ ಬಾಗಿಲು ಎಳೆದುಕೊಂಡರು. ಬೈದಿದ್ದರೂ ವಾಸಿಯಿತ್ತು.

ಆ ವಾರವೇ ಮಾವನಿಗೆ ಆ ಉಪಾಯ ಹೊಳೆದದ್ದು. ಕೈಯಲ್ಲಿ ದುಡ್ಡಿಲ್ಲ, ಪಾರಿವಾಳ ಬೇಯಿಸೋಣವೆಂದರೆ ಎಣ್ಣೆಯಿಲ್ಲ, ಬೂದು ಸೋಪು ಮಾತ್ರ ಗೋಡೆಯಷ್ಟಿದೆ. ಪಾರಿವಾಳದ ಕಾಗದ ಮೂಟೆಗಟ್ಟಲೆ ಉಳಿದಿದೆ.

"ಜನಕ್ಕೆ ಹೆದರಿಕೆ ಆಗಿರೋದು ಸೋಪಿಂದಲ್ಲ, ಹೊಸದು ಅಂತ ನೀವು ಬಡಾಯಿ ಕೊಚ್ಚಿಕೊಂಡಿದ್ದರಿಂದ" ಎಂದರು ಮಾವ. "ಅರಿಶಿನ ಬಣ್ಣ ಮೇಲೆ ಬಳಿಯೋಣ, ಪಾರಿವಾಳದ ಕಾಗದ ಸುತ್ತೋಣ. ಗೊತ್ತಿಲ್ಲದ ಹಾಗೆ ಕೈಗೆ ರೂಢಿ ಆಗ್ಲಿ. ಆಮೇಲೆ ಹೇಳಿದ್ರಾಯ್ತು."

"ನನ್ನ ಸೋಪೇನು ಕಳ್ಳನಾ ಅಪ್ಪ, ವೇಷ ಹಾಕ್ಕೊಂಡು ಹೋಗೋಕೆ?"

"ಮರ್ಯಾದೆಯಾಗಿ ಹೋಗಿ ಏನು ತಂತು? ಬೀರು ಕಾಲಿಗೆ ಒತ್ತು ಕೊಟ್ಟು ಬಂತು."

"ಪಾರಿವಾಳ ಅಂದ್ರೆ ನೊರೆ ಅಂತಲೇ ಜನ ತಗೊಳೋದು. ಮೊದಲ ಒಗೆತಕ್ಕೇ ಗೊತ್ತಾಗುತ್ತೆ."

"ನನ್ನ ಕಾಗದದ ಮೇಲೆ ಜನಕ್ಕೆ ನಂಬಿಕೆ ಇದೆ ಕಣೋ. ಒಂದು ಒಗೆತ ಸಹಿಸ್ಕೋತಾರೆ. ನಿನಗೆ ಗೇಟಿನ ಮುಂದೆ ನಿಲ್ಲೋ ಆಸೆ ಇದ್ರೆ ಹೇಳಿಬಿಡು."

ಎಲ್ಲರೂ ನಡುಮನೆಯಲ್ಲಿ ಸುತ್ತ ಕೂತು ಬಣ್ಣ ಬಳಿದೆವು, ಆರಿಸಿದೆವು, ಕಾಗದ ಸುತ್ತಿದೆವು. ಅತ್ತೆ ಎಲ್ಲರಿಗಿಂತ ಚುರುಕಾಗಿ ಸುತ್ತಿದರು. ಪೊಟ್ಟಣದ ಪಾಪ ಕಳೆದುಕೊಳ್ಳುತ್ತಿದ್ದರೋ ಏನೋ. ಇವರು ಮಾತ್ರ ಸುತ್ತಲಿಲ್ಲ, ಸುತ್ತಿದ್ದನ್ನು ಹೊತ್ತು ಅಂಗಡಿಗೆ ಕೊಟ್ಟು ಬಂದರು. ಪಾರಿವಾಳ ಮತ್ತೆ ಬಂತು ಎಂದು ಸಕ್ಕರೆಬಾಯಿ ಖುಷಿಯಿಂದ ಇಳಿಸಿಕೊಂಡನಂತೆ.

ಮುಂದಿನ ವಾರ ಮಾವ ಹೊಗೆಸೊಪ್ಪು ತರಲೆಂದು ಅದೇ ಅಂಗಡಿಗೆ ಹೋದರು. ಜತೆಗೆ ಚೀಲ ಹಿಡಿದು ನಾನಿದ್ದೆ. ಅಲ್ಲಿ ಒಬ್ಬಳು ಮುದುಕಿ, ತಿಂಗಳಿಗೊಂದು ಪಾರಿವಾಳ ತಪ್ಪದೇ ಒಯ್ಯುತ್ತಿದ್ದವಳು, ಒದ್ದೆ ಸೋಪನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟು ಕೂಗಾಡುತ್ತಿದ್ದಳು. ಅರಿಶಿನ ಬಣ್ಣ ತೊಳೆದು ಹೋಗಿ ಅಡಿಯ ಬೂದು ಬಣ್ಣ ಇಣುಕುತ್ತಿತ್ತು. ಮಾವನನ್ನು ಕಂಡದ್ದೇ ಅವಳು ತಿರುಗಿ ನಿಂತಳು.

"ಏನಪ್ಪಾ, ಈ ವಯಸ್ಸಿಗೆ ಮಣ್ಣು ಬೆರೆಸೋ ಬುದ್ಧಿ ಬಂತಾ? ನಿನ್ನ ಮೇಲೆ ನಂಬಿಕೆ ಇಟ್ಟು ತಗೊಂಡು ಹೋಗ್ತಿದ್ದೆನಲ್ಲ ನಾನು. ಇನ್ನೊಬ್ಬರಾದ್ರೆ ಬಿಡ್ತಿದ್ದೆ."

ಮಾವ ಬಾಯಿ ತೆರೆದರು. ಕಲಬೆರಕೆ ಅಲ್ಲ, ಇದು ಬೇರೆ ಸೋಪು, ಹೊಸ ಸೋಪು ಎಂದು ಹೇಳಬೇಕಿತ್ತು. ಹಾಗೆಂದರೆ ಹಳೆಯ ಕಾಗದ ಯಾಕೆ ಸುತ್ತಿದೆ ಎಂದು ಕೇಳುತ್ತಾಳೆ. ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಅಂಗಡಿಯಲ್ಲಿದ್ದವರೆಲ್ಲ ನೋಡುತ್ತಿದ್ದರು. ನಾನು ಅವರ ತೋಳು ಹಿಡಿದು ಕರೆದುಕೊಂಡು ಬಂದೆ. ಹೊಗೆಸೊಪ್ಪು ತರಲಿಲ್ಲ.

ಮಾಲೆಲ್ಲ ವಾಪಸ್ಸು ಬಂತು. ಅತ್ತೆ ತಮ್ಮ ಎರಡೂ ಬಳೆ ಬಿಚ್ಚಿ ಕೊಟ್ಟರು. ಅದರಲ್ಲಿ ಎಣ್ಣೆ ತಂದು ನಿಜವಾದ ಪಾರಿವಾಳವನ್ನೇ ಬೇಯಿಸಿದೆವು, ಮೊದಲಿನ ಹಾಗೇ ಹಳದಿ, ಮೊದಲಿನ ಹಾಗೇ ಬುಸುಬುಸು. ಜನ ಕೈಗೆ ತೆಗೆದುಕೊಂಡು, ಮೂಸಿ, ಉಗುರಿನಿಂದ ಕೆರೆದು ನೋಡಿ ಕೆಳಗಿಟ್ಟರು. ಇಷ್ಟರಲ್ಲಿ ಅವರೆಲ್ಲ ಪುಡಿಗೆ ಹೊಂದಿಕೊಂಡಿದ್ದರು. "ನಿಮ್ಮ ಜಾಗ ಪುಡಿ ಕಂಪನಿಯೋರು ಕೇಳಿದ್ರು ಸ್ವಾಮಿ, ಕೊಟ್ಟುಬಿಟ್ಟೆ. ಬೇಜಾರು ಮಾಡ್ಕೋಬೇಡಿ" ಎಂದ ಸಕ್ಕರೆಬಾಯಿ. ಅವನ ಬಾಯಿಂದ ಕೆಟ್ಟ ಸುದ್ದಿಯೂ ಸಿಹಿಯಾಗೇ ಬರುತ್ತಿತ್ತು, ಹಾಳಾದವನು.

ಬಾಣಲೆಯನ್ನು ಗುಜರಿಯವರು ಬಂದು ಒಯ್ದರು. ಶೆಡ್ಡಿನ ಬಾಗಿಲಿನಿಂದ ಅದು ಹೊರಗೆ ಬರಲಿಲ್ಲ. ಬಾಣಲೆ ಇಟ್ಟಾದ ಮೇಲೆ ಕಟ್ಟಿದ ಗೋಡೆ ಅದು. ಅಲ್ಲೇ ಸುತ್ತಿಗೆಯಿಂದ ಒಡೆದು ಚೂರು ಮಾಡಿ ಹೊತ್ತರು. ಆ ಸದ್ದು ಮುಗಿಯುವ ತನಕ ಮಾವ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಪ್ರತಿ ಏಟಿಗೂ ಅವರ ಕಣ್ಣು ಮುಚ್ಚಿ ತೆರೆಯುತ್ತಿತ್ತು. ದಮ್ಮಯ್ಯ, ಬೇಗ ಮುಗಿಸಿ ಎಂದು ಕೂಗಬೇಕೆನ್ನಿಸಿತು ನನಗೆ.

ಇವರು ಕೆಲಸಕ್ಕೆ ಸೇರಿದ್ದು ಪುಡಿ ಕಂಪನಿಗೆ. ಬೇರೆಲ್ಲೂ ಸಿಗಲಿಲ್ಲ. ಬೆಳಗ್ಗೆ ಸೈರನ್ನಿಗೆ ಮೊದಲು ಗೇಟಿನ ಮುಂದೆ ನಿಲ್ಲಬೇಕು. ದಿನವಿಡೀ ಪೊಟ್ಟಣಗಳ ಬಾಯಿ ಮುಚ್ಚುವ ಕೆಲಸ. ಮೂಗಿನಲ್ಲಿ ಪುಡಿ, ರೆಪ್ಪೆಯ ಮೇಲೆ ಪುಡಿ. ಮನೆಗೆ ಬಂದರೆ ಸೀನೋ ಸೀನು. ನಾದಿನಿ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚಲು ಹೋಗುತ್ತಿದ್ದಳು. ಅವಳನ್ನು ನೋಡಲು ಬರುತ್ತೇವೆ ಎಂದಿದ್ದವರು ಸುಮ್ಮನಾದರು.

ಒಂದು ಮಧ್ಯಾಹ್ನ ಮಾವ ಊಟಕ್ಕೆ ಕೂತು ಮೊದಲ ತುತ್ತು ಇಟ್ಟುಕೊಂಡು, "ಉಪ್ಪು ಜಾಸ್ತಿ ಆಗಿದೆ" ಎಂದರು. ಅತ್ತೆ ಏನಾದರೂ ಅಂದಾರು ಎಂದು ನಾನು ಕಾದೆ. ಅವರು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಬೂದು ಸೋಪಿನ ಗೋಡೆ ಶೆಡ್ಡಿನ ಮೂಲೆಯಲ್ಲಿ ಹಾಗೇ ಇತ್ತು. ಸಂಬಳದಲ್ಲಿ ಪುಡಿ ಕೊಳ್ಳುವ ಹಾಗಿರಲಿಲ್ಲ, ಅದನ್ನೇ ಒಡೆದು ಮನೆಗೆ ಬಳಸುತ್ತಿದ್ದೆವು. ಅತ್ತೆ ಮೊದಮೊದಲು ಗೊಣಗಿದರು. ಕ್ರಮೇಣ ಗೊಣಗುವುದು ನಿಂತಿತು. ಒಂದು ದಿನ ನೋಡುತ್ತೇನೆ, ಇವರ ಕಂಪನಿಯ ನೀಲಿ ಅಂಗಿಯನ್ನು ಎರಡೇ ಉಜ್ಜು ಉಜ್ಜಿ, ಒಂದೇ ಬಕೆಟ್ಟಿನಲ್ಲಿ ಅದ್ದಿ, ಹಿಂಡಿ ತಂತಿಗೆ ಹಾಕುತ್ತಿದ್ದಾರೆ. ನೊರೆ ಹುಡುಕುವುದನ್ನು ಆ ಕೈ ಮರೆತೇಬಿಟ್ಟಿತ್ತು. ನಾನು ನೋಡಿದ್ದು ಅವರಿಗೂ ಗೊತ್ತಾಯಿತು.

ಬೇಸಿಗೆ ಬಂತು. ನಲ್ಲಿ ನೀರು ವಾರಕ್ಕೆ ಒಂದೇ ಸಲವಾಯಿತು. ಒಂದು ದಿನ ಬೆಳಗ್ಗೆ ಹಿತ್ತಲ ಬಾಗಿಲಿಗೆ ನರ್ಸಮ್ಮ ಬಂದು ನಿಂತಳು.

"ಆ ನೊರೆ ಬರದ ಸೋಪು ಇನ್ನೂ ಇದೆಯಾ?"

ನಾನು ತಮಾಷೆ ಎಂದುಕೊಂಡೆ. "ಯಾಕಮ್ಮ, ಬೀರುವಿಗೆ ಇನ್ನೊಂದು ಕಾಲು ಮೋಟಾಯ್ತಾ?"

"ಅಯ್ಯೋ, ಬಿಡಿ" ಎಂದಳು ಅವಳು, ನಾಚಿಕೊಂಡು. "ಹೋದ ತಿಂಗಳು ಡ್ಯೂಟಿಗೆ ಹೋಗೋಕೆ ಒಗೆದ ಬಟ್ಟೆ ಒಂದೂ ಇರಲಿಲ್ಲ, ಮನೇಲಿ ಇದ್ದಿದ್ದು ಒಂದೇ ಬಕೆಟ್ ನೀರು. ಗತಿಯಿಲ್ಲದೆ ಬೀರು ಎತ್ತಿ ಅದನ್ನೇ ತೆಗೆದು ಒಗೆದೆ. ಏನು ಬೆಳ್ಳಗಾಯ್ತು ಅಂತೀರಾ! ಆಮೇಲೆ ಅದನ್ನೇ ತಿಂಗಳಿಡೀ ಬಳಸಿದೆ. ಆಸ್ಪತ್ರೆಯಲ್ಲಿ ನನ್ನ ಜತೆಯೋರೂ ತರೋಕೆ ಹೇಳಿದಾರೆ, ವಾರ್ಡಿನ ಬಟ್ಟೆ ಒಗೆಯೋನೂ ಕೇಳ್ದ. ಇನ್ಮೇಲೆ ಪ್ರತಿ ತಿಂಗಳೂ ಬೇಕಾಗುತ್ತೆ. ಕೊಡ್ತೀರಲ್ಲ?"

ಅತ್ತೆ ಒಗೆಯುವ ಕಲ್ಲಿನ ಪಕ್ಕದಿಂದ ಎದ್ದು ಬಂದರು. ಒದ್ದೆ ಕೈ ಒರೆಸಿಕೊಳ್ಳಲಿಲ್ಲ. ಅವಳ ಮುಖವನ್ನೇ ನೋಡುತ್ತಾ ನಿಂತಿದ್ದರು.

"ಪ್ರತಿ ತಿಂಗಳು ಸಿಗಲ್ಲಮ್ಮ" ಎಂದರು ಕೊನೆಗೆ. "ಇರೋದಿಷ್ಟೇ. ತಗೊಂಡು ಹೋಗು."

ಅವಳ ಚೀಲ ತುಂಬುವಷ್ಟು ಕೊಟ್ಟೆವು. ದುಡ್ಡು ಚಾಚಿದಳು, ಅತ್ತೆ ಮುಟ್ಟಲಿಲ್ಲ. ಅವಳು ಬೀದಿ ತಿರುಗುವ ತನಕ ನೋಡಿ, ನನ್ನ ಕೈ ಹಿಡಿದುಕೊಂಡರು.

"ಅವನಿಗೆ ಹೇಳಬೇಡ ಕಣೇ. ಈಗೀಗ ಸ್ವಲ್ಪ ನಿದ್ದೆ ಮಾಡ್ತಿದಾನೆ."

ಸಂಜೆ ಇವರು ಬಂದರು. ಸೀನುತ್ತಾ ಹಿತ್ತಲಿಗೆ ಹೋಗಿ ಕೈಕಾಲು ತೊಳೆದರು. ಶೆಡ್ಡಿನ ಬಾಗಿಲು ತೆರೆದೇ ಇತ್ತು, ಮುಚ್ಚುವುದು ನಮ್ಮಿಬ್ಬರಿಗೂ ಮರೆತುಹೋಗಿತ್ತು. ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾ ಅಲ್ಲೇ ನಿಂತರು.

"ಮೂಲೇಲಿ ಸೋಪು ಕಮ್ಮಿ ಆಗಿದೆಯಲ್ಲ, ಅಮ್ಮ?"

"ಇಲಿ ಕಣೋ" ಎಂದರು ಅತ್ತೆ ಒಲೆಯ ಕಡೆ ತಿರುಗಿ. "ಇಲಿ ತಿಂದು ಹಾಕಿವೆ."

ಇವರು ಸ್ವಲ್ಪ ಹೊತ್ತು ಆ ಖಾಲಿ ಜಾಗವನ್ನೇ ನೋಡಿದರು. ಆಮೇಲೆ ನಕ್ಕರು. ಎಷ್ಟೋ ತಿಂಗಳ ಮೇಲೆ ನಕ್ಕದ್ದು.

"ಸದ್ಯ, ಇಲಿಗಳಿಗಾದ್ರೂ ಹಿಡಿಸ್ತಲ್ಲ."

ನಾನು ತಟ್ಟೆ ಹಾಕಿದೆ. ಎಲ್ಲರೂ ಊಟಕ್ಕೆ ಕೂತರು.